ಮಂಗನ ಕಾಯಿಲೆಯ ಕೆಲಸ ಮಳೆಗಾಲದ್ದು

(ಸಾಗರದಲ್ಲಿ ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿ ಮತ್ತು ಪಂಚಾಯ್ತಿ ಸದಸ್ಯರ ಸಭೆಯಲ್ಲಿ ಜುಲೈ ತಿಂಗಳಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಹಿನ್ನೀರಿನ ಆಚೆಯವರೆಲ್ಲ ಬಂದಿದ್ದೀರಿ, ಸಂತೋಷ.

ಬಾಗಿಲಲ್ಲೇ ಒಬ್ಬರು ಕೇಳಿದರು, 'ಈಗ ಒಂದೂ ಕೇಸ್ ಇಲ್ಲ, ಮಂಗನ ಕಾಯಿಲೆ ಬಗ್ಗೆ ಈಗ್ಯಾಕೆ ಸರ್ ಸಭೆ?' ಕೇಸ್ ಇಲ್ಲ, ಅದಕ್ಕೇ ಈಗ ಸಭೆ. ಜ್ವರ ಹೆಚ್ಚುವ ಫೆಬ್ರವರಿಯಲ್ಲಿ ಕೂತರೆ ಆಂಬುಲೆನ್ಸ್ ಎಲ್ಲಿ, ಬೆಡ್ ಎಲ್ಲಿ ಅನ್ನೋದರಲ್ಲೇ ಹೊತ್ತು ಹೋಗುತ್ತದೆ. ದನದ ಮೈ ಹಿಡಿದು ರಕ್ತ ಹೀರುವ ಉಣುಗು ಕಚ್ಚಿ ಬರುವ ಈ ಕಾಯಿಲೆಯ ಕೆಲಸ ಮಳೆಗಾಲದ್ದು. ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ಹಳೆಯ ಕಥೆಯೊಂದು ಹೇಳುತ್ತೇನೆ. ನನಗೆ ತುಂಬ ಇಷ್ಟದ್ದು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. 1957. ಇಲ್ಲೇ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಮಂಗಗಳು ಸಾಯುತ್ತಿದ್ದವು, ಹಿಂದೆಯೇ ಜನಕ್ಕೆ ಜ್ವರ. ಆಫ್ರಿಕಾದ ಹಳದಿ ಜ್ವರ ನಮ್ಮ ದೇಶಕ್ಕೂ ಬಂತಾ ಅಂತ ಮೊದಲು ಗಾಬರಿ ಆಯಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಆ ಕೇಂದ್ರ ಶುರುವಾಗಿ ಆಗಿನ್ನೂ ಐದು ವರ್ಷ. ಅವರು ಕಾಡು ಹೊಕ್ಕು, ಸತ್ತ ಮಂಗ ಹುಡುಕಿ, ಉಣುಗು ಹೆಕ್ಕಿ, ಅದೇ ವರ್ಷ ಹೊಸ ವೈರಸ್ ಒಂದನ್ನು ಹಿಡಿದರು. ನೋಡಿದರೆ ಅದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ವೈರಸ್ಸಿನ ಹತ್ತಿರದ ಸಂಬಂಧಿ!

ಸೈಬೀರಿಯಾದ ವೈರಸ್ಸಿನ ನೆಂಟ ಸೊರಬದಲ್ಲಿ ಏನು ಮಾಡುತ್ತಿದೆ? ಚಳಿಗಾಲಕ್ಕೆ ಅಲ್ಲಿಂದ ಹಕ್ಕಿಗಳು ಬರುತ್ತವಲ್ಲ, ಅವುಗಳ ಮೈಮೇಲೆ ಉಣುಗು ಕೂತು ಬಂದಿರಬಹುದಾ ಅಂತ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರು 1959ರಿಂದ ದೇಶದ ಉದ್ದಗಲಕ್ಕೂ ಹಕ್ಕಿ ಹಿಡಿಸಿ, ಕಾಲಿಗೆ ಉಂಗುರ ಹಾಕಿಸಿ ಬಿಡಿಸಿದರು. ವಲಸೆ ಹಕ್ಕಿಗಳ ಬಗ್ಗೆ ನಮ್ಮ ದೇಶಕ್ಕೆ ಗೊತ್ತಿರುವುದರಲ್ಲಿ ಎಷ್ಟೋ ಪಾಲು ಆ ಕೆಲಸದಿಂದ ಬಂದದ್ದು. ವೈರಸ್ಸನ್ನು ಹಕ್ಕಿಗಳೇ ತಂದವು ಅನ್ನೋದು ಮಾತ್ರ ಸಾಬೀತಾಗಲಿಲ್ಲ.

ಈ ಕಥೆಯನ್ನು ಅಭಿಮಾನದಿಂದಲೇ ಹೇಳುತ್ತೇನೆ. ಕಾಡಂಚಿನ ನಮ್ಮ ಜನರ ಜ್ವರಕ್ಕೆ ಪ್ರಪಂಚವೇ ತಲೆ ಕೆಡಿಸಿಕೊಂಡಿತ್ತು. ಪ್ರಶ್ನೆ ಕೇಳಿದರು, ವರ್ಷಗಟ್ಟಲೆ ಬೆನ್ನು ಹತ್ತಿದರು. ಆ ಹಟ ಈಗ ಬೇಕು. ಕಾಡಿಗೆ ಹೋಗುವ ಹೆಂಗಸಿನ ಬಗ್ಗೆ ಬೇಕು.

ಅವಳ ಕೆಲಸ ಹತ್ತಿರದಿಂದ ನೋಡಿ. ಅಡಿಕೆ ಕೊಯ್ಲು ಮುಗಿಯುತ್ತಾ ಬಂದ ಹಾಗೆ ದರಕು, ಅಂದರೆ ಕಾಡಿನಲ್ಲಿ ಉದುರಿದ ಒಣ ಎಲೆ, ಗುಡಿಸೋಕೆ ಹೋಗುತ್ತಾಳೆ. ಕೊಟ್ಟಿಗೆಗೆ ಹಾಸಬೇಕು, ತೋಟಕ್ಕೆ ಗೊಬ್ಬರ ಆಗಬೇಕು. ಬಗ್ಗಿ ಗುಡಿಸುತ್ತಾಳೆ, ಕಾಲಿನಿಂದ ಒತ್ತಿ ಒತ್ತಿ ಹಗ್ಗದ ಬಲೆಯ ಕಲ್ಲಿಗೆ ತುಂಬುತ್ತಾಳೆ, ತಲೆ ಮೇಲೆ ಹೊರುತ್ತಾಳೆ. ದರಕಿನಲ್ಲಿರುವ ಮರಿ ಉಣುಗು ಕಣ್ಣಿಗೆ ಕಾಣುವುದೇ ಕಷ್ಟ. ಕುತ್ತಿಗೆ, ಕಂಕುಳು, ಸೊಂಟದ ನೆರಿಗೆ, ಎಲ್ಲಿ ಬೇಕಾದರೂ ಕೂರುತ್ತದೆ. ನಾವು ಕೊಡೋದು ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದಲ್ಲಿ ಹುಟ್ಟಿದ ಒಳ್ಳೆಯ ಔಷಧಿ ಅದು. ಒಬ್ಬ ಅಕ್ಕ ನನಗೆ ಹೇಳಿದರು: 'ಬೆಳಿಗ್ಗೆ ಹಚ್ಕೊಂಡು ಹೋಗ್ತೀನಿ ಸರ್. ಎರಡು ಹೊರೆ ಹೊತ್ತರೆ ಬೆವರಿಗೆ ತೊಳೆದು ಹೋಗುತ್ತೆ. ಬಾಟ್ಲಿ ಮನೇಲಿರುತ್ತೆ.' ಇದು ಸಂಶೋಧನೆಯ ಪ್ರಶ್ನೆ ಅಲ್ವಾ? ಬೆವರುವ ಮೈಗೆ ಎಣ್ಣೆ ಎಷ್ಟು ಹೊತ್ತು ನಿಲ್ಲುತ್ತದೆ, ಅದನ್ನು ಯಾವ ರೂಪದಲ್ಲಿ ಕೊಟ್ಟರೆ ಅವಳು ಜೊತೆಗೆ ಒಯ್ಯುತ್ತಾಳೆ? ಅವಳನ್ನು ಕೇಳಿ ಬರೆದುಕೊಳ್ಳಲು ಪುರುಸೊತ್ತು ಇರೋದು ಈಗ, ಮಳೆಗಾಲದಲ್ಲಿ.

ಈಗ ಲಸಿಕೆ. ಮೊದಲು ರಷ್ಯಾದ ಕಾಯಿಲೆಗೆ ಮಾಡಿದ ಲಸಿಕೆಯನ್ನೇ ಇಲ್ಲಿ ಕೊಟ್ಟು ನೋಡಿದರು, ಉಪಯೋಗ ಆಗಲಿಲ್ಲ. ಆಮೇಲೆ ನಮ್ಮದೇ ವೈರಸ್ಸಿನಿಂದ ತಯಾರಾಯಿತು, ಬೆಂಗಳೂರಿನ ಹೆಬ್ಬಾಳದಲ್ಲಿ. ತಿಂಗಳ ಅಂತರದಲ್ಲಿ ಎರಡು ಡೋಸ್, ಮೇಲೆ ಬೂಸ್ಟರ್. ಅದು ಎಷ್ಟು ಕೆಲಸ ಮಾಡುತ್ತಿದೆ ಅಂತ ಲೆಕ್ಕ ಹಾಕಿ ಜಗತ್ತಿಗೆ ಹೇಳಿದವರಲ್ಲಿ ನಮ್ಮ ಶಿವಮೊಗ್ಗದ ಲ್ಯಾಬಿನವರೇ ಇದ್ದರು. 2005ರಿಂದ 2010ರವರೆಗಿನ ದಾಖಲೆ ನೋಡಿದರು. ಎರಡು ಡೋಸ್‌ಗೆ ಸುಮಾರು 62 ಪರ್ಸೆಂಟ್ ರಕ್ಷಣೆ, ಬೂಸ್ಟರ್ ಸೇರಿದರೆ 83. ಸರ್ಕಾರಿ ನೌಕರರು ಜಿಲ್ಲೆಯಲ್ಲಿದ್ದುಕೊಂಡೇ ಇಂಥ ಅಧ್ಯಯನ ಮಾಡಬಲ್ಲರು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ಇಂಜೆಕ್ಷನ್ ವಿಪರೀತ ನೋವು. ಒಂದು ಡೋಸ್ ತಗೊಂಡವರು ಎರಡನೆಯದಕ್ಕೆ ಬರುತ್ತಿರಲಿಲ್ಲ. ಸೂಜಿ ಹಿಡಿದು ಮನೆ ಮನೆ ತಿರುಗಿದವರು ಈ ಹಾಲ್‌ನಲ್ಲೇ ಇದ್ದೀರಿ, ನಿಮಗೆ ನಾನು ಹೇಳಬೇಕಾ.

ಕೊನೆಗೆ ಆ ಲಸಿಕೆಯ ಶಕ್ತಿಯೇ ಸಾಲದು ಅಂತಾಗಿ 2022ರಲ್ಲಿ ನಿಂತಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಈಗ ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಜೊತೆ ಹೊಸದನ್ನು ಮಾಡುತ್ತಿದೆ. ಬರಲಿ, ನಾನೂ ಕಾಯುತ್ತಿದ್ದೇನೆ. ಆದರೆ ಹಳೆಯದು ಸೊರಗುತ್ತಿದ್ದಾಗಲೇ ಹೊಸದರ ಕೆಲಸ ಶುರುವಾಗಬೇಕಿತ್ತು. 2018ರ ಕೊನೆಯಲ್ಲಿ ನಮ್ಮ ತಾಲ್ಲೂಕಿನ ಅರಳಗೋಡಿನಲ್ಲಿ ಈ ಜ್ವರಕ್ಕೆ ಜನ ಸತ್ತದ್ದನ್ನು ನೋಡಿದವರು ನಾವು. ಆ ಬೇಸಿಗೆ ತಂಡಗಳು ಬಂದವು, ಕ್ಯಾಮೆರಾ ಬಂದವು. ಜೂನ್‌ನಲ್ಲಿ ಮಳೆ ಹಿಡಿಯಿತು, ಎಲ್ಲರೂ ಹೋದರು. ಮನೆಯವರನ್ನು ಕಳೆದುಕೊಂಡವರು ಎಲ್ಲಿಗೆ ಹೋಗುತ್ತಾರೆ? 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರದ ಕಡೆ ಮತ್ತೆ ಅದೇ ಸಂಕಟ.

ಮಳೆಗಾಲದ ಕೆಲಸ ಅಂತ ಸುಮ್ನೆ ಹೇಳುತ್ತಿಲ್ಲ. ಉಣುಗಿನ ಬದುಕೇ ಹಾಗಿದೆ. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನದ ಮೈ ಹಿಡಿಯುತ್ತವೆ, ಆಮೇಲೆ ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತವೆ. ಮಳೆ ಬಿಟ್ಟ ಮೇಲೆ ಸಣ್ಣ ಮರಿ. ನವೆಂಬರ್‌ನಿಂದ ಮೇವರೆಗೆ ಮನುಷ್ಯರನ್ನು ಕಚ್ಚುವ ಹಂತದ್ದು. ಅಂದರೆ ಫೆಬ್ರವರಿಯ ಜ್ವರಕ್ಕೆ ದಾರಿ ಆಗೋದು ಈಗ, ನಮ್ಮ ಕೊಟ್ಟಿಗೆಯಲ್ಲಿ ಮತ್ತು ದನ ಮೇಯುವ ಹುಲ್ಲಿನ ಬೇಣದಲ್ಲಿ. ದನ ಪಶು ಇಲಾಖೆಯದು, ಮಂಗ ಅರಣ್ಯ ಇಲಾಖೆಯದು, ಜ್ವರ ಆರೋಗ್ಯ ಇಲಾಖೆಯದು. ಮೂವರೂ ಒಂದೇ ಮೇಜಿಗೆ ಕೂರಲು ಸಾವು ಆಗಬೇಕಾ? ಜುಲೈನಲ್ಲೇ ಕೂರಲಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಸಮಯ ಆಯಿತಂತೆ. ಕಾಡು ಕಡಿಯೋದಕ್ಕೂ ಈ ಕಾಯಿಲೆಗೂ ಇರುವ ನಂಟು, ಬೆಳ್ತಂಗಡಿಯ 1983ರ ಅನುಭವ, ಎಲ್ಲ ಬರೆದುಕೊಂಡು ಬಂದಿದ್ದೆ. ಇನ್ನೊಂದು ದಿನ ಆಗಲಿ. ಚಿಕಿತ್ಸೆ ಬಗ್ಗೆ ಒಂದೇ ಮಾತು: ಇದಕ್ಕೆಂದೇ ಔಷಧಿ ಇಲ್ಲ. ಬೇಗ ಗುರುತಿಸೋದು, ನೀರಿನಂಶ ಕಾಪಾಡೋದು, ರಕ್ತಸ್ರಾವದ ಮೇಲೆ ಕಣ್ಣಿಡೋದು. ಇದೆಲ್ಲ ಮೊದಲು ಆಗಬೇಕಾದದ್ದು ನಮ್ಮ ಊರಿನ ಪಿಎಚ್‌ಸಿಯಲ್ಲಿ. ರೆಫರ್ ಮಾಡಿ ಘಟ್ಟ ಇಳಿಸಿ ಮಣಿಪಾಲಕ್ಕೆ ಕಳಿಸೋ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಪಿಎಚ್‌ಸಿಯಲ್ಲಿ ನರ್ಸ್ ಹುದ್ದೆ ಖಾಲಿ ಇದ್ದರೆ ಭರ್ತಿ ಮಾಡಿಸೋದು ಕೂಡ ಈಗಿನ ಕೆಲಸ.

ಪಂಚಾಯ್ತಿ ಸದಸ್ಯರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಯಾವ ಯಾವ ಮನೆಯವರು ದರಕಿಗೆ, ಸೌದೆಗೆ, ದನ ಮೇಯಿಸೋಕೆ ಕಾಡಿಗೆ ಹೋಗುತ್ತಾರೆ ಅಂತ ಪಟ್ಟಿ ಮಾಡಿಸಿ. ನಿಮ್ಮ ಆಶಾ ಅಕ್ಕನಿಗೆ ಆ ಹೆಸರುಗಳೆಲ್ಲ ಬಾಯಲ್ಲೇ ಇವೆ, ಬರೆದುಕೊಳ್ಳುವವರು ಬೇಕು ಅಷ್ಟೆ. ಅಕ್ಟೋಬರ್ ಒಳಗೆ ಅದು ತಾಲ್ಲೂಕು ಆರೋಗ್ಯಾಧಿಕಾರಿಗಳ ಮೇಜಿನ ಮೇಲಿರಲಿ. ಅದರ ನಮೂನೆ ಬಾಗಿಲ ಹತ್ತಿರ ಇಟ್ಟಿದ್ದೇನೆ, ಹೋಗುವಾಗ ಒಂದೊಂದು ತಗೊಂಡು ಹೋಗಿ. ನಮಸ್ಕಾರ.