ಸಂಕ್ರಾಂತಿಗೆ ಆರು ಸೆಂಟಿಮೀಟರ್ ತಡ

ನಮ್ಮ ಮನೆ ತಾರಸಿ ಮೇಲೆ ಒಂದು ಪಿವಿಸಿ ಪೈಪು ನಿಂತಿದೆ. ಒಂದು ಮೀಟರ್ ಎತ್ತರ. ಬಕೆಟ್ಟಿಗೆ ಮರಳು ತುಂಬಿ ಅದರಲ್ಲಿ ನೆಟ್ಟು, ಗಾರೆ ಕೆಲಸದವರ ಹತ್ತಿರ ತೂಗುಗುಂಡು ಇಸ್ಕೊಂಡು ಬಂದು ನೆಟ್ಟಗೆ ನಿಲ್ಲಿಸಿದ್ದೀನಿ. ಬಟ್ಟೆ ಒಣಹಾಕೋಕೆ ಬಂದಾಗೆಲ್ಲ ಅಮ್ಮ ಅದನ್ನ ಎಡವ್ತಾರೆ, ನನಗೆ ಬೈತಾರೆ. ಬೈಲಿ ಬಿಡಿ.

ಡಿಸೆಂಬರ್ 22ರ ನಡುಹಗಲಲ್ಲಿ ಆ ಪೈಪಿನ ನೆರಳು ಸುಮಾರು 74 ಸೆಂಟಿಮೀಟರ್ ಇತ್ತು, ವರ್ಷದ ನಡುಹಗಲ ನೆರಳುಗಳಲ್ಲಿ ಅತಿ ಉದ್ದದ್ದು. ನಡುಹಗಲು ಅಂದ್ರೆ ಗಡಿಯಾರದ ಹನ್ನೆರಡಲ್ಲ, ಆ ದಿನದ ನೆರಳು ಅತಿ ಚಿಕ್ಕದಾಗೋ ಕ್ಷಣ. ಬೆಂಗಳೂರಲ್ಲಿ ಆಗ ಹನ್ನೆರಡೂಕಾಲು ದಾಟಿರುತ್ತೆ. ಜನವರಿ 14ಕ್ಕೆ ಮತ್ತೆ ಅಳೆದೆ. 68. ಅಂದ್ರೆ ನಾವು ಎಳ್ಳು-ಬೆಲ್ಲ ಹಂಚ್ಕೊಂಡು, "ಇವತ್ತಿಂದ ಉತ್ತರಾಯಣ, ಸೂರ್ಯ ಪಥ ಬದಲಿಸಿದ" ಅಂತ ಸ್ಟೇಟಸ್ ಹಾಕೋ ಹೊತ್ತಿಗೆ, ಸೂರ್ಯ ಉತ್ತರಕ್ಕೆ ತಿರುಗಿ ಆಗಲೇ ಮೂರು ವಾರ ಆಗಿದೆ. ಆರು ಸೆಂಟಿಮೀಟರ್ ನೆರಳು ಕರಗಿದೆ.

ಖಗೋಳಶಾಸ್ತ್ರ ಹೇಗೆ ಹುಟ್ತು ಅನ್ನೋ ಕಥೆ ಸಾಮಾನ್ಯವಾಗಿ ಮೇರು ಪರ್ವತದಿಂದ ಶುರುವಾಗುತ್ತೆ. ನಡುವೆ ಮೇರು, ಸುತ್ತ ಏಳು ದ್ವೀಪ, ಏಳು ಸಮುದ್ರ, ಸೂರ್ಯ ಮೇರುವಿನ ಹಿಂದೆ ಹೋದಾಗ ರಾತ್ರಿ. ಚೆಂದದ ಕಲ್ಪನೆ. ಆದ್ರೆ ಆ ಕಲ್ಪನೆಯಿಂದ ಯಾರೂ ಒಂದು ದಿನ ಮುಂಚಿತವಾಗಿ ಏನನ್ನೂ ಹೇಳೋಕಾಗಲ್ಲ. ನನ್ನ ಪ್ರಕಾರ ಆ ಶಾಸ್ತ್ರ ಹುಟ್ಟಿದ್ದು ಕೋಲಿನ ಬುಡದಲ್ಲಿ. ನಮ್ಮ ಹಳಬರು ಅದನ್ನ ಶಂಕು ಅಂತ ಕರೆದರು. ಬ್ಯಾಬಿಲೋನಿನಲ್ಲೂ ಗ್ರೀಸಿನಲ್ಲೂ ಇದೇ ಕೋಲು ಇತ್ತು. ಮೇಲೆ ನೋಡೋಕೆ ಮುಂಚೆ ಮನುಷ್ಯ ಕೆಳಗೆ, ನೆಲ ನೋಡಿದ.

ಲಗಧ ಅನ್ನೋನ ಹೆಸರಲ್ಲಿ ಬಂದಿರೋ ವೇದಾಂಗ ಜ್ಯೋತಿಷ ತಗೊಳ್ಳಿ. ಯಜ್ಞ ಯಾವ ದಿನ ಮಾಡಬೇಕು ಅನ್ನೋ ಲೆಕ್ಕಕ್ಕೆ ಬರೆದ ಪುಟ್ಟ ಕೈಪಿಡಿ, ಋಗ್ವೇದದ ಪಾಠದಲ್ಲಿ 36 ಶ್ಲೋಕ. ಅದರಲ್ಲಿ ಸೃಷ್ಟಿಯ ಕಥೆ ಇಲ್ಲ, ಇರೋದು ಅಂಕಿ. ಐದು ವರ್ಷಕ್ಕೆ ಒಂದು ಯುಗ, ಅದರಲ್ಲಿ 1830 ದಿನ, 62 ಚಾಂದ್ರಮಾಸ. ಚಂದ್ರನ ಲೆಕ್ಕ ಚೆನ್ನಾಗಿದೆ, 62 ಮಾಸಕ್ಕೆ ಒಂದು ದಿನಕ್ಕಿಂತ ಕಮ್ಮಿ ತಪ್ಪು. ಸೂರ್ಯನ ಲೆಕ್ಕ ಮಾತ್ರ ಒರಟು, ಐದು ವರ್ಷಕ್ಕೆ ಹೆಚ್ಚುಕಮ್ಮಿ ನಾಲ್ಕು ದಿನ ಜಾಸ್ತಿ. ಇನ್ನೊಂದು ಮಜಾ ಇದೆ. ಅತಿ ದೊಡ್ಡ ಹಗಲು 18 ಮುಹೂರ್ತ, ಅತಿ ಚಿಕ್ಕದು 12 ಅಂತ ಹೇಳುತ್ತೆ. ಮುಹೂರ್ತಕ್ಕೆ 48 ನಿಮಿಷ, ಗುಣಿಸಿ ನೋಡಿ: 14 ಗಂಟೆ 24 ನಿಮಿಷದ ಹಗಲು. ನಮ್ಮ ಬೆಂಗಳೂರಲ್ಲಿ ಜೂನ್ ತಿಂಗಳ ಅತಿ ದೊಡ್ಡ ಹಗಲೂ 13 ಗಂಟೆ ಮುಟ್ಟಲ್ಲ. ಆ ಅಂಕಿ ಹೊಂದೋದು ಕಾಶ್ಮೀರದ ಆಸುಪಾಸಿನ ಅಕ್ಷಾಂಶಕ್ಕೆ. ಅಳೆದ ಊರಿನ ಗುರುತು ಅಳತೆಗೆ ಅಂಟಿಕೊಂಡೇ ಬರುತ್ತೆ, ಮಣ್ಣು ಅಂಟಿದ ಗೆಣಸಿನ ಥರ.

ಅದೇ ಪುಸ್ತಕ ಹೇಳುತ್ತೆ: ಉತ್ತರಾಯಣ ಶುರುವಾಗೋದು ಸೂರ್ಯ ಧನಿಷ್ಠಾ ನಕ್ಷತ್ರದ ಆರಂಭದಲ್ಲಿದ್ದಾಗ, ದಕ್ಷಿಣಾಯನ ಆಶ್ಲೇಷದ ಮಧ್ಯದಲ್ಲಿ.

ಈಗ ಆರನೇ ಶತಮಾನದ ಉಜ್ಜಯಿನಿಗೆ ಬನ್ನಿ. ವರಾಹಮಿಹಿರ ಬೃಹತ್ಸಂಹಿತೆ ಬರೀತಿದ್ದಾನೆ. ಮೂರನೇ ಅಧ್ಯಾಯ, ಸೂರ್ಯನ ಬಗ್ಗೆ. ಶುರುವಿನಲ್ಲೇ ಹೇಳ್ತಾನೆ: ಆಶ್ಲೇಷದ ಅರ್ಧದಿಂದ ದಕ್ಷಿಣಾಯನ, ಧನಿಷ್ಠೆಯ ಆದಿಯಿಂದ ಉತ್ತರಾಯಣ, ಹೀಗೆ ಒಂದು ಕಾಲದಲ್ಲಿ ಇದ್ದಿರಬೇಕು, ಹಿಂದಿನ ಶಾಸ್ತ್ರಗಳಲ್ಲಿ ಹಾಗೆ ಹೇಳಿದೆಯಲ್ಲ. ಆದರೆ ಈಗ ಒಂದು ಅಯನ ಕರ್ಕಾಟಕದ ಆದಿಯಿಂದ, ಇನ್ನೊಂದು ಮಕರದ ಆದಿಯಿಂದ. ಹೇಳಿದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸ ಇದ್ದರೆ ಅದು ಗೊತ್ತಾಗೋದು ಪ್ರತ್ಯಕ್ಷ ಪರೀಕ್ಷೆಯಿಂದ.

ಅಷ್ಟಕ್ಕೇ ನಿಲ್ಲಿಸಲ್ಲ, ಪರೀಕ್ಷೆ ಹೇಗೆ ಮಾಡಬೇಕು ಅಂತಲೂ ಹೇಳ್ತಾನೆ. ಸೂರ್ಯ ಹುಟ್ಟುವಾಗ, ಮುಳುಗುವಾಗ ದೂರದ ಒಂದು ಗುರುತಿಗೆ ಹೋಲಿಸಿ ನೋಡು. ಇಲ್ಲವೇ ನೆಲದ ಮೇಲೆ ದೊಡ್ಡ ವೃತ್ತ ಬರೆದು, ನೆರಳು ಒಳಗೆ ಬರೋದು ಹೊರಗೆ ಹೋಗೋದು ಗುರುತು ಮಾಡ್ಕೋ.

ಅವನು ಹಿಂದಿನವರನ್ನ ಬೈದಿಲ್ಲ, "ಅವರಿಗೆ ಏನೂ ಗೊತ್ತಿರ್ಲಿಲ್ಲ" ಅಂದಿಲ್ಲ. ಹಾಗಂತ ಹಳೇ ಮಾತನ್ನ ತಲೆ ಮೇಲೂ ಹೊತ್ಕೊಂಡಿಲ್ಲ. ಆಗ ಹಾಗಿತ್ತು, ಈಗ ಹೀಗಿದೆ, ನೀನೇ ನೋಡ್ಕೋ. ನಮ್ಮ ಪರಂಪರೆ ದೊಡ್ಡದು ಅಂತ ಎದೆ ತಟ್ಟೋಕೆ ನನಗೆ ಒಂದೇ ಸಾಲು ಕೊಡಿ ಅಂದ್ರೆ ನಾನು ಇದನ್ನ ಆರಿಸ್ಕೊಳ್ತೀನಿ. ಪುಷ್ಪಕ ವಿಮಾನ ನಿಮಗಿರಲಿ.

ಹಾಗಂತ ವರಾಹಮಿಹಿರ ಹೇಳಿದ್ದೆಲ್ಲ ಸರಿ ಅಂತಲ್ಲ. ಭೂಮಿ ತನ್ನ ಸುತ್ತ ತಾನೇ ತಿರುಗುತ್ತೆ ಅಂತ ಆರ್ಯಭಟ 499ರಲ್ಲೇ ಬರೆದಿದ್ದ. ದೋಣಿಯಲ್ಲಿ ಮುಂದೆ ಹೋಗೋನಿಗೆ ದಡದ ಮೇಲಿರೋದೆಲ್ಲ ಹಿಂದಕ್ಕೆ ಹೋಗೋ ಹಾಗೆ ಕಾಣುತ್ತಲ್ಲ, ಹಾಗೇ ನಕ್ಷತ್ರಗಳು ಅಂತ. ವರಾಹಮಿಹಿರ ಒಪ್ಪಲಿಲ್ಲ. ಭೂಮಿ ತಿರುಗೋದಾದ್ರೆ ಆಕಾಶಕ್ಕೆ ಹಾರಿದ ಗಿಡುಗ ತನ್ನ ಗೂಡಿಗೆ ವಾಪಸ್ ಬರೋದು ಹೇಗೆ ಅಂತ ಕೇಳಿದ. ಅವನ ಕಾಲಕ್ಕೆ ನ್ಯಾಯವಾದ ಪ್ರಶ್ನೆಯೇ. ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ ಅಂತ ಆಗ ಯಾರು ತೋರಿಸ್ಬೇಕಿತ್ತು? ನೆರಳಿನ ವಿಷಯದಲ್ಲಿ ಗೆದ್ದವನು ಗಿಡುಗದ ವಿಷಯದಲ್ಲಿ ಸೋತ.

ಅಯನ ಶುರುವಾಗೋ ಜಾಗ ನಕ್ಷತ್ರಗಳ ನಡುವೆ ಯಾಕೆ ಜಾರುತ್ತೆ? ಭೂಮಿ ಬುಗುರಿ ಥರ ತಿರುಗ್ತಾ ತಲೆಯನ್ನೂ ನಿಧಾನವಾಗಿ ಸುತ್ತಿಸುತ್ತೆ. ಒಂದು ಸುತ್ತಿಗೆ ಸುಮಾರು 26,000 ವರ್ಷ. ಹಾಗಾಗಿ ನಕ್ಷತ್ರದ ಲೆಕ್ಕಕ್ಕೂ ನೆರಳಿನ ಲೆಕ್ಕಕ್ಕೂ ಸುಮಾರು 72 ವರ್ಷಕ್ಕೆ ಒಂದು ದಿನ ವ್ಯತ್ಯಾಸ. ಗ್ರೀಕರಲ್ಲಿ ಇದನ್ನ ಹಿಡಿದವನು ಹಿಪ್ಪಾರ್ಕಸ್, ಕ್ರಿಸ್ತಪೂರ್ವ ಎರಡನೇ ಶತಮಾನದಲ್ಲಿ. ಅವನು ಹಿಡ್ಕೊಂಡಿದ್ದೂ ನಮ್ಮ ಚಿತ್ತಾ ನಕ್ಷತ್ರವನ್ನೇ. ತನಗಿಂತ ಸುಮಾರು 150 ವರ್ಷ ಹಿಂದಿನವನ ಅಳತೆ ಪಕ್ಕದಲ್ಲಿ ತನ್ನ ಅಳತೆ ಇಟ್ಟ, ಎರಡು ಡಿಗ್ರಿ ವ್ಯತ್ಯಾಸ ಬಂತು.

ನಮ್ಮಲ್ಲಿ ಇದಕ್ಕೆ ಸುಲಭದ ಸಾಕ್ಷಿ ಒಂದಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿ ದಿನ. ತಾರೀಖು 1863ರ ಜನವರಿ 12. ಈಗ ಸಂಕ್ರಾಂತಿ 14, ಕೆಲವು ಸಲ 15. ಯಾರೂ ಹಬ್ಬ ಮುಂದಕ್ಕೆ ಹಾಕಿದ್ದಲ್ಲ, ಅದು ನಕ್ಷತ್ರದ ಲೆಕ್ಕದಲ್ಲಿ ಬರೋ ಹಬ್ಬ, ಅಷ್ಟೇ. ನಮ್ಮ ರೈತರ ಮಳೆ ನಕ್ಷತ್ರಗಳೂ ಹೀಗೇ ಜಾರ್ತಿವೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು ಅನ್ನೋ ಗಾದೆ ಹಾಗೇ ಇರುತ್ತೆ, ಮಘೆಯ ತಾರೀಖು ಮಾತ್ರ ಮೆಲ್ಲಗೆ ಮುಂದಕ್ಕೆ ಹೋಗುತ್ತೆ.

ಈಗ ನನ್ನ ತಕರಾರು ಕೇಳಿ. ಧನಿಷ್ಠೆಯ ಆದಿಯಿಂದ ಮಕರದ ಆದಿಗೆ 23 ಡಿಗ್ರಿಗೂ ಸ್ವಲ್ಪ ಜಾಸ್ತಿ. ವರಾಹಮಿಹಿರ ಕಂಡ ವ್ಯತ್ಯಾಸ ಅಷ್ಟು. ಅವನ ಕಾಲದಿಂದ ನಮ್ಮ ಕಾಲಕ್ಕೆ ಜಾರಿರೋದೂ ಹೆಚ್ಚುಕಮ್ಮಿ ಅಷ್ಟೇ. ಅವನ ಮುಂದೆ ಇದ್ದ ಪರಿಸ್ಥಿತಿಯೇ ಇವತ್ತು ನಮ್ಮ ಮುಂದಿದೆ. ಅವನು ಹಳೇ ಪುಸ್ತಕ ಪಕ್ಕಕ್ಕಿಟ್ಟು ನೆಲದ ಮೇಲೆ ವೃತ್ತ ಬರೆದ. ನಾವು ಅವನ ಪುಸ್ತಕ ಹಿಡ್ಕೊಂಡು ಉತ್ತರಾಯಣ ಜನವರಿ 14ಕ್ಕೇ ಅಂತೀವಿ. ಪಂಚಾಂಗ ಗಣಿತ ಬಲ್ಲವರಿಗೆ ಇದೆಲ್ಲ ಗೊತ್ತು, ಎಷ್ಟು ಜಾರಿದೆ ಅನ್ನೋದನ್ನ ಪ್ರತಿ ವರ್ಷ ಅಯನಾಂಶ ಅಂತ ಅವರೇ ಲೆಕ್ಕ ಹಾಕ್ತಾರೆ. ಭೌತವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯ ಸಮಿತಿ ಇದನ್ನೆಲ್ಲ ನೋಡಿ ಹೊಸ ರಾಷ್ಟ್ರೀಯ ಪಂಚಾಂಗವನ್ನೇ ಕೊಟ್ಟಿತು, 1957ರ ಮಾರ್ಚ್ 22ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಇವತ್ತು ಯಾವ ತಾರೀಖು ಅಂತ ನಿಮ್ಮ ಮನೇಲಿ ಯಾರನ್ನಾದ್ರೂ ಕೇಳಿ ನೋಡಿ.

ಹಬ್ಬ ಡಿಸೆಂಬರಿಗೆ ತನ್ನಿ ಅಂತ ನಾನು ಹೇಳ್ತಿಲ್ಲ. ಸುಗ್ಗಿ ಹಬ್ಬ, ಹಸುಗಳಿಗೆ ಕಿಚ್ಚು ಹಾಯಿಸೋ ಹಬ್ಬ, ಸೂರ್ಯ ಮಕರಕ್ಕೆ ಬರೋ ಹಬ್ಬ, ಎಲ್ಲ ಇದ್ದಲ್ಲೇ ಇರಲಿ. ಉತ್ತರಾಯಣ ಅನ್ನೋ ಪದವನ್ನ ಮಾತ್ರ ನೆರಳಿಗೆ ಬಿಟ್ಟುಕೊಡಿ.

ನೆರಳಲ್ಲೂ ಒಂದು ಕಷ್ಟ ಇದೆ. ಡಿಸೆಂಬರ್ 22ರ ಸುತ್ತ ಐದು ದಿನಕ್ಕೆ ನನ್ನ ಪೈಪಿನ ನೆರಳು ಬದಲಾಗೋದು ಮೂರೇ ಮಿಲಿಮೀಟರ್. ನೆರಳಿನ ಅಂಚಿನ ಮಸುಕೇ ಒಂದು ಸೆಂಟಿಮೀಟರ್. ಹಾಗಿದ್ರೆ ಅಯನದ ದಿನ ಹಿಡಿಯೋದು ಹೇಗೆ? ಮುಂಚೆ ಒಂದು ದಿನ, ಆಮೇಲೆ ಒಂದು ದಿನ, ನೆರಳು ಒಂದೇ ಉದ್ದ ಇರೋ ಎರಡು ದಿನ ಹಿಡೀಬೇಕು. ನಡುವಿನ ದಿನ ಎಣಿಸಿ ಅರ್ಧ ಮಾಡಬೇಕು.

ಇದಕ್ಕೆ ಬೆಂಗಳೂರಲ್ಲೇ ಒಂದು ಕಟ್ಟಿದ ಸಾಧನ ಇದೆ. ಗವಿಪುರದ ಗವಿಗಂಗಾಧರೇಶ್ವರ ದೇವಸ್ಥಾನ. ಸಂಕ್ರಾಂತಿ ಸಂಜೆ ಸೂರ್ಯನ ಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತೆ. ಟೀವಿ ಲೈವ್, ಕಾಲಿಡೋಕೆ ಜಾಗ ಇರಲ್ಲ. ಆದ್ರೆ ದಕ್ಷಿಣಕ್ಕೆ ಹೋಗುವಾಗಲೂ ಸೂರ್ಯ ಅದೇ ದಾರೀಲಿ ಹೋಗಿರಲೇಬೇಕಲ್ವಾ? ಹೋಗಿರ್ತಾನೆ. ನವೆಂಬರ್ 28ರ ಆಸುಪಾಸು. ನವೆಂಬರ್ 28ರಿಂದ ಜನವರಿ 14ಕ್ಕೆ 47 ದಿನ. ಅರ್ಧ ಮಾಡಿ. ಡಿಸೆಂಬರ್ 21, 22ಕ್ಕೆ ಬಂದು ನಿಲ್ತೀರಿ.

ಈ ವರ್ಷ ನವೆಂಬರ್ 28ಕ್ಕೆ ಹೋಗೋಣ ಅಂತಿದ್ದೀನಿ. ಗಡಿಯಾರದ ಲೆಕ್ಕದಲ್ಲಿ ಸೂರ್ಯ ಆಗ ಜನವರಿಗಿಂತ ಇಪ್ಪತ್ತು ನಿಮಿಷ ಮುಂದಿರ್ತಾನೆ, ಅದಕ್ಕೇ ಬೇಗ ಹೊರಡಬೇಕು. ಮೋಡ ಇಲ್ಲದಿದ್ರೆ ಸಾಕು.