ಹಗ್ಗ ಬಿಡಿ, ದೋಣಿ ನಿಲ್ಲುತ್ತದೆ

ಕೇಳುಗರಿಗೆಲ್ಲ ನಮಸ್ಕಾರ.

ಹಾಯಿದೋಣಿ ಕಲಿಯಬೇಕು ಅಂತ ಬರುವವರ ಮೊದಲ ಪ್ರಶ್ನೆ, "ಯಾವ ದೋಣಿ ಕೊಳ್ಳಲಿ?" ಸ್ವಾಮಿ, ದೋಣಿ ಆಮೇಲೆ ಕೊಳ್ಳುವಿರಂತೆ. ಮೊದಲು ಹಗ್ಗ ಬಿಡುವುದನ್ನು ಕಲಿಯಿರಿ. ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಬೇರೆ ಏನು ಮರೆತರೂ ಪರವಾಗಿಲ್ಲ.

ಯಾವ ಹಗ್ಗ? ಹಾಯಿಯ ಕೆಳಗೆ ಅಡ್ಡಲಾಗಿ ಒಂದು ಕೋಲು ಇರುತ್ತದೆ, ಅದು ಬೂಮ್. ಅದಕ್ಕೆ ಕಟ್ಟಿದ ಹಗ್ಗದ ತುದಿ ನಿಮ್ಮ ಕೈಯಲ್ಲಿರುತ್ತದೆ. ಇದಕ್ಕೆ ಶೀಟ್ ಅನ್ನುತ್ತಾರೆ. ಶೀಟ್ ಹಿಡಿಯಿರಿ ಅಂದರೆ ಹೊಸಬರೆಲ್ಲ ಹಾಯಿಯ ಬಟ್ಟೆಗೆ ಕೈ ಹಾಕುತ್ತಾರೆ. ಅದಲ್ಲ, ಹಗ್ಗವೇ ಶೀಟ್. ಎಳೆದರೆ ಹಾಯಿ ಒಳಗೆ ಬಂದು ಗಾಳಿ ಹಿಡಿಯುತ್ತದೆ, ದೋಣಿ ಓಡುತ್ತದೆ. ಬಿಟ್ಟರೆ ಹಾಯಿ ಒಣಹಾಕಿದ ಬಟ್ಟೆಯ ಹಾಗೆ ಪಟಪಟ ಬಡಿದುಕೊಳ್ಳುತ್ತದೆ, ದೋಣಿ ನಿಲ್ಲುತ್ತದೆ. ದೋಣಿಗೆ ಬ್ರೇಕ್ ಇಲ್ಲ ಅಂತಾರಲ್ಲ, ಸುಳ್ಳು. ಬ್ರೇಕ್ ನಿಮ್ಮ ಮುಷ್ಟಿಯಲ್ಲೇ ಇದೆ.

ಇನ್ನೊಂದು ಕೈಯಲ್ಲಿ ಚುಕ್ಕಾಣಿಯ ಹಿಡಿ. ಅದನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಯಾಕೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅರ್ಧ ದಿನದಲ್ಲಿ ಕೈಗೆ ಅಭ್ಯಾಸವಾಗುತ್ತದೆ. ಹಗ್ಗ ಬಿಡುವುದು ಮಾತ್ರ ಅಷ್ಟು ಸುಲಭಕ್ಕೆ ಅಭ್ಯಾಸವಾಗುವುದಿಲ್ಲ. ನನ್ನದೇ ಕಥೆ ಹೇಳುತ್ತೇನೆ ಕೇಳಿ.

ಅದು ನನ್ನ ಮೂರನೆಯ ಪಾಠ. ಮೊದಲ ಸಲ ದೋಣಿಯಲ್ಲಿ ನಾನೊಬ್ಬನೇ. ಹದವಾದ ಗಾಳಿ, ಹಗ್ಗ ಬೆರಳು ಕೊರೆಯುತ್ತಿತ್ತು. ಕೈಗೆ ಸುತ್ತಿಕೊಳ್ಳಬೇಡಿ ಅಂತ ಗುರುಗಳು ಹತ್ತು ಸಲ ಹೇಳಿದ್ದರು. ಅವರು ದೂರ ಇದ್ದರಲ್ಲ, ಯಾರು ನೋಡುತ್ತಾರೆ ಅಂತ ಅಂಗೈಗೆ ಎರಡು ಸುತ್ತು ಸುತ್ತಿಕೊಂಡೆ. ಆರಾಮಾಗಿತ್ತು. ಅಷ್ಟರಲ್ಲಿ ನೀರಿನ ಮೇಲೆ ಒಂದು ಕಪ್ಪು ತೇಪೆ ನನ್ನ ಕಡೆ ಬರುವುದು ಕಾಣಿಸಿತು. ಮೋಡದ ನೆರಳು, ಎಷ್ಟು ಚೆನ್ನಾಗಿದೆ ಅಂದುಕೊಂಡೆ. ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ಮೋಡವೇ ಇಲ್ಲ! ಅದು ಗಾಳಿ. ಜೋರು ಗಾಳಿ ಬೀಸಿದ ಕಡೆ ನೀರು ಸಣ್ಣಗೆ ನಿರಿಗೆಗಟ್ಟಿ ಕಪ್ಪಾಗಿ ಕಾಣುತ್ತದೆ ಅನ್ನುವುದು ನನಗೆ ಗೊತ್ತಾದದ್ದು ಹಾಗೆ.

ಬಂದು ಬಡಿಯಿತು. ದೋಣಿ ಒಂದು ಕಡೆಗೆ ವಾಲಿತು. ಬಸ್ಸು ಜೋಲಿ ಹೊಡೆದರೆ ನಾವು ಏನು ಮಾಡುತ್ತೇವೆ? ಕಂಬಿ ಗಟ್ಟಿಯಾಗಿ ಹಿಡಿಯುತ್ತೇವೆ, ಅಲ್ವಾ? ನಾನೂ ಹಗ್ಗ ಹಿಡಿದು ಜಗ್ಗಿದೆ. ಜಗ್ಗಿದಷ್ಟೂ ಹಾಯಿ ಒಳಗೆ, ಹಾಯಿ ಒಳಗೆ ಬಂದಷ್ಟೂ ದೋಣಿ ಇನ್ನೂ ವಾಲಿತು. ಬಿಡೋಣ ಅಂತ ಹೊಳೆಯುವ ಹೊತ್ತಿಗೆ ಹಗ್ಗ ಕೈಯನ್ನು ಬಿಡಲಿಲ್ಲ. ನಾನು ನೀರಿನಲ್ಲಿ. ಮೇಲೆ ಬಂದರೆ ತಲೆಯ ಮೇಲೆ ಒದ್ದೆ ಹಾಯಿ. ಅಂಗೈಯಿಂದ ಅದನ್ನು ಮೇಲಕ್ಕೆ ಎತ್ತಿ, ಸಿಕ್ಕ ಸಂದಿಯಲ್ಲಿ ಉಸಿರು ಎಳೆದುಕೊಂಡು, ಹಾಗೇ ತಳ್ಳುತ್ತಾ ಅಂಚಿಗೆ ಬಂದೆ. ಕನ್ನಡಕ ಇಂದಿಗೂ ಆ ಕೆರೆಯ ತಳದಲ್ಲೇ ಇದೆ. ನೀವು ದಾರ ಕಟ್ಟಿಕೊಂಡು ಹೋಗಿ.

ಗುರುಗಳು ಮೋಟಾರ್ ದೋಣಿಯಲ್ಲಿ ಬಂದರು. ಕೈ ಕೊಟ್ಟು ಎತ್ತುತ್ತಾರೆ ಅಂದುಕೊಂಡರೆ, ಎಂಜಿನ್ ಆರಿಸಿ ಕೇಳಿದರು: "ಈಗಲಾದರೂ ಹಗ್ಗ ಬಿಡ್ತೀರೋ ಇಲ್ವೋ?" ನೋಡಿದರೆ ಅದಿನ್ನೂ ನನ್ನ ಮುಷ್ಟಿಯಲ್ಲೇ ಇತ್ತು.

ಬಿಟ್ಟ ಮೇಲೆ ಉಳಿದ ಕೆಲಸ ಸಲೀಸು. ದೋಣಿಯ ಹೊಟ್ಟೆಯಡಿ ಒಂದು ಹಲಗೆ ಚಾಚಿಕೊಂಡಿರುತ್ತದೆ, ಸೆಂಟರ್‌ಬೋರ್ಡ್. ಆ ಕಡೆಗೆ ಈಜಿ, ಹಲಗೆ ಹಿಡಿದು ಜೋತುಬಿದ್ದೆ. ಹಾಯಿ ನಿಧಾನವಾಗಿ ನೀರಿನಿಂದ ಎದ್ದಿತು. ಹಗ್ಗ ಬಿಗಿಯಾಗಿದ್ದರೆ ದೋಣಿ ಎದ್ದ ಕೂಡಲೇ ಗಾಳಿ ಹಿಡಿದು ಮತ್ತೆ ಮಗುಚುತ್ತದೆ. ಅಲ್ಲೂ ಅದೇ ಮಾತು ನೋಡಿ. ಏನೇ ಆಗಲಿ, ದೋಣಿ ಬಿಟ್ಟು ದಡಕ್ಕೆ ಈಜಬೇಡಿ. ಮಗುಚಿದ ದೋಣಿಯೂ ತೇಲುತ್ತದೆ, ದೂರದಿಂದ ಕಾಣುತ್ತದೆ.

ಅಯ್ಯೋ, ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಆದ್ದರಿಂದ ಹೊಸಬರಿಗೆ ಗಂಟೆಗೆ 10ರಿಂದ 15 ಕಿಲೋಮೀಟರ್ ಗಾಳಿ ಸಾಕು. ಅಲೆಗಳ ತಲೆ ಬಿಳಿಯಾಗತೊಡಗಿದರೆ ಆ ದಿನ ದಡದಲ್ಲೇ ಇರಿ. ಕೆರೆಯ ಗಾಳಿ ಸಮುದ್ರದ ಗಾಳಿಯ ಹಾಗೆ ಒಂದೇ ಸಮ ಬೀಸುವುದಿಲ್ಲ. ಗುಡ್ಡ, ಮರಗಳ ಸಂದಿಯಿಂದ ನುಗ್ಗುತ್ತದೆ, ದಿಕ್ಕು ಬದಲಿಸುತ್ತದೆ. ಗಾಳಿ ಎಲ್ಲಿಂದ ಅಂತ ತಿಳಿಯಬೇಕಾದರೆ ಮುಖ ಮೆಲ್ಲಗೆ ತಿರುಗಿಸಿ. ಎರಡು ಕಿವಿಗೂ ಒಂದೇ ಸಮ ಕೇಳಿದಾಗ ಗಾಳಿ ನಿಮ್ಮ ಮೂಗಿನ ನೇರಕ್ಕಿದೆ. ಅದರ ಎದುರಿಗೆ ನೇರವಾಗಿ ಯಾವ ಹಾಯಿದೋಣಿಯೂ ಹೋಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಂಕುಡೊಂಕಾಗಿ ಹೋಗಬೇಕು. ತಿರುಗುವಾಗ ತಲೆ ತಗ್ಗಿಸಿ, ಬೂಮಿಗೆ ಕಣ್ಣಿಲ್ಲ.

ಮಕ್ಕಳಿಗಾದರೆ ಆಪ್ಟಿಮಿಸ್ಟ್ ಅನ್ನುವ ಮೊಂಡು ಮೂತಿಯ ದೋಣಿ ಇದೆ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು, ಉದ್ದ 2.3 ಮೀಟರ್. ದೊಡ್ಡವರು ಕಲಿಸುವವರ ದೋಣಿಯಲ್ಲೇ ಕಲಿಯಿರಿ. ಲೈಫ್ ಜಾಕೆಟ್ ದಡದಲ್ಲೇ ಹಾಕಿ, ಬಕಲ್ ಬಿಗಿಯಿರಿ. ಈಜು ಬರುತ್ತದೆ ಅನ್ನುವವರೂ ಅಷ್ಟೇ, ದಯವಿಟ್ಟು ವಾದ ಬೇಡ.

ಮತ್ತೆ ಆ ಹಗ್ಗ, ಕೈಗೆ ಸುತ್ತಬೇಡಿ. ನಮಸ್ಕಾರ.