ಮೊದಲು ಕೇಬಲ್ ಬದಲಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ಮೊಬೈಲನ್ನು ಕಂಪ್ಯೂಟರಿಗೆ ಜೋಡಿಸಿದರೂ ಕಂಪ್ಯೂಟರಿನಲ್ಲಿ ಅದು ಕಾಣಿಸುವುದೇ ಇಲ್ಲ, ಇದಕ್ಕೇನು ಪರಿಹಾರ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತನಾಡಿ ಎಂದು ಚಿತ್ರದುರ್ಗ ಆಕಾಶವಾಣಿಯವರು ಕರೆದಿದ್ದಾರೆ. ಪರಿಹಾರ ಹೇಳುವುದಕ್ಕೆ ಹದಿನೈದು ಸೆಕೆಂಡು ಸಾಕು. ಕೇಬಲ್ ಬದಲಿಸಿ. ಮುಗಿಯಿತು. ಆದರೆ ಇಷ್ಟೇ ಹೇಳಿ ಎದ್ದುಹೋದರೆ ಯಾರೂ ನಂಬುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತು. ನಂಬದವರು ದಿನಾ ನನ್ನ ಅಂಗಡಿಗೆ ಬರುತ್ತಾರೆ. ಹಾಗಾಗಿ ಉಳಿದ ಸಮಯದಲ್ಲಿ ಯಾಕೆ ಎಂದು ವಿವರಿಸುತ್ತೇನೆ.

ದಾವಣಗೆರೆಯಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿಯೇ ನನ್ನ ಹೊಟ್ಟೆಪಾಡು. ಈ ಮಾತನ್ನು ಯಾರು ಕೇಳುತ್ತಿರಬಹುದು ಎಂದು ಊಹಿಸಬಲ್ಲೆ. ಜಗಳೂರಿನ ಕಡೆ ಒಂದು ಸಣ್ಣ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಹುಡುಗಿ ಇರಬಹುದು. ಹೊಳಲ್ಕೆರೆಯಲ್ಲಿ ಮಗಳ ಮದುವೆಯ ವಿಡಿಯೋಗಳಿಂದ ಫೋನು ತುಂಬಿಹೋಗಿ, ಹೊಸ ಫೋಟೋ ತೆಗೆಯಲು ಜಾಗವಿಲ್ಲದೆ ಕುಳಿತಿರುವ ತಂದೆ ಇರಬಹುದು. ಚನ್ನಗಿರಿಯಲ್ಲಿ ಅಡಿಕೆ ಮರದ ರೋಗದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು, ಅವನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಒದ್ದಾಡುತ್ತಿರುವ ಕೃಷಿ ವಿದ್ಯಾರ್ಥಿ ಇರಬಹುದು. ಫೋನು ಜೋಡಿಸಿದ್ದೀರಿ. ಫೋನಿನ ಮೇಲೆ ಚಾರ್ಜ್ ಆಗುತ್ತಿದೆ ಎಂಬ ಗುರುತು ಬಂದಿದೆ. ಕಂಪ್ಯೂಟರ್ ಮಾತ್ರ ತುಟಿ ಬಿಚ್ಚುತ್ತಿಲ್ಲ. ಆಗ ನೀವೆಲ್ಲ ಹೇಳುವುದು ಒಂದೇ ಮಾತು: "ಚಾರ್ಜ್ ಆಗುತ್ತಿದೆ, ಅಂದರೆ ಕೇಬಲ್ ಸರಿಯಾಗಿದೆ." ಈ ಮಾತನ್ನು ದಯವಿಟ್ಟು ಇವತ್ತಿಗೇ ಬಿಟ್ಟುಬಿಡಿ.

ನಿಮ್ಮ ಈ ಕೇಬಲ್ಲನ್ನು ಕಂಪ್ಯೂಟರಿಗೆ ಸಿಕ್ಕಿಸುವ ತೂತಿದೆಯಲ್ಲ, ಆ ಯುಎಸ್‌ಬಿ ಎಂಬ ವ್ಯವಸ್ಥೆ ಬಂದದ್ದು 1996ರಲ್ಲಿ. ಅದಕ್ಕೂ ಮೊದಲು ಕಂಪ್ಯೂಟರಿನ ಬೆನ್ನಿನಲ್ಲಿ ಕೀಬೋರ್ಡಿಗೆ ಒಂದು ದುಂಡು ತೂತು, ಮೌಸಿಗೆ ಇನ್ನೊಂದು, ಪ್ರಿಂಟರಿಗೆ ಅಂಗೈಯಗಲದ ಪ್ಲಗ್ಗು, ಅದನ್ನು ಬಿಗಿಮಾಡಲು ಎರಡು ಕಡೆ ತಿರುಪು. ಆ ಕಾಲದಲ್ಲಿ ಪ್ರಿಂಟರ್ ಜೋಡಿಸುವುದೆಂದರೆ ಅರ್ಧ ದಿನದ ಕೆಲಸವಾಗಿತ್ತು. ಎಲ್ಲಕ್ಕೂ ಒಂದೇ ಬಗೆಯ ತೂತು ಸಾಕು ಎಂದು ಹಟ ಹಿಡಿದು ಇಂಟೆಲ್ ಕಂಪನಿಯಲ್ಲಿ ಕೆಲಸ ಮಾಡಿದ ತಂಡದ ಮುಂಚೂಣಿಯಲ್ಲಿ ಇದ್ದವರು ಅಜಯ್ ಭಟ್, ನಮ್ಮ ದೇಶದ ವಡೋದರದಲ್ಲಿ ಓದಿದವರು. ನಮ್ಮ ಹುಡುಗರಿಗೆ ಸಿನಿಮಾ ನಟರ ಹೆಸರುಗಳೆಲ್ಲ ಗೊತ್ತು, ಇವರ ಹೆಸರು ಗೊತ್ತಿಲ್ಲ. ಇರಲಿ.

ಅವರ ತಂಡ ಆ ಒಂದೇ ತೂತಿಗೆ ಎರಡು ಕೆಲಸ ಒಪ್ಪಿಸಿತು. ಒಂದು, ಕರೆಂಟ್ ಕೊಡುವುದು. ಇನ್ನೊಂದು, ಮಾಹಿತಿ ಸಾಗಿಸುವುದು. ನೀವು ಬಳಸುವ ಸಾಮಾನ್ಯ ಕೇಬಲ್ಲಿನ ಹೊಟ್ಟೆಯಲ್ಲಿ ನಾಲ್ಕು ಸಣ್ಣ ತಂತಿಗಳಿರುತ್ತವೆ. ಕೆಂಪು ಮತ್ತು ಕಪ್ಪು ತಂತಿಗಳು ಕರೆಂಟಿಗೆ. ಹಸಿರು ಮತ್ತು ಬಿಳಿ ತಂತಿಗಳು ಮಾಹಿತಿಗೆ. ನಿಮ್ಮ ಫೋಟೋ, ವಿಡಿಯೋ, ಪಹಣಿಯ ಪಿಡಿಎಫ್, ಎಲ್ಲವೂ ಓಡಾಡುವುದು ಆ ಹಸಿರು, ಬಿಳಿ ತಂತಿಗಳ ಮೇಲೆ. ಅವೆರಡು ತುಂಡಾಗಿದ್ದರೂ, ಅಥವಾ ಮೊದಲಿನಿಂದಲೇ ಇಲ್ಲದಿದ್ದರೂ, ಕೆಂಪು ಕಪ್ಪು ತಂತಿಗಳಲ್ಲಿ ಕರೆಂಟು ಹರಿಯುತ್ತಲೇ ಇರುತ್ತದೆ, ಫೋನು ಚಾರ್ಜ್ ಆಗುತ್ತಲೇ ಇರುತ್ತದೆ. ನಮ್ಮ ಜಿಲ್ಲೆಗಳ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮೋಟರಿಗೆ ಕರೆಂಟ್ ಬಂದ ಮಾತ್ರಕ್ಕೆ ಬೋರ್‌ವೆಲ್ಲಿನಲ್ಲಿ ನೀರಿದೆ ಎಂದು ಯಾರಾದರೂ ಹೇಳುತ್ತಾರೆಯೇ?

"ಮೊದಲಿನಿಂದಲೇ ಇಲ್ಲದಿದ್ದರೂ" ಎಂದೆ. ಹೌದು, ಮಾಹಿತಿಯ ತಂತಿಗಳನ್ನು ಹಾಕದೆಯೇ ತಯಾರಿಸಿದ ಕೇಬಲ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಪವರ್ ಬ್ಯಾಂಕ್, ಕಿವಿಗೆ ಹಾಕುವ ಬ್ಲೂಟೂತ್, ರೀಚಾರ್ಜ್ ಟಾರ್ಚ್, ಸಣ್ಣ ಫ್ಯಾನು, ಇವುಗಳ ಡಬ್ಬಿಯಲ್ಲಿ ಬರುವ ಗಿಡ್ಡ ಕೇಬಲ್‌ಗಳಲ್ಲಿ ಬಹಳಷ್ಟು ಇಂಥವೇ. ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಅದೇ ಪಿನ್ನು, ಅದೇ ಬಿಳಿ ರಬ್ಬರು.

ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ನಮ್ಮೂರಿನ ಮಂಡಕ್ಕಿ ಭಟ್ಟಿಗಳು ನಿಮಗೆ ಗೊತ್ತೇ ಇವೆ. ಅಲ್ಲಿನ ಒಂದು ಭಟ್ಟಿಯ ಯಜಮಾನರು ಬಹಳ ಶಿಸ್ತಿನ ಮನುಷ್ಯರು. ಭತ್ತ ಕೊಂಡ ಚೀಟಿ, ಲಾರಿ ಬಾಡಿಗೆಯ ಚೀಟಿ, ಹೊಟ್ಟಿನ ಚೀಟಿ, ಕೈಗೆ ಬಂದ ಪ್ರತಿಯೊಂದು ಕಾಗದವನ್ನೂ ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತಿದ್ದರು. ವರ್ಷದ ಕೊನೆಗೆ ಆಡಿಟರ್ ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಡಿ ಎಂದರು. ಜೋಡಿಸಿದರೆ ಚಾರ್ಜ್ ಆಗುತ್ತದೆ, ಫೋಟೋ ಕಾಣುವುದಿಲ್ಲ. ಅವರ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದ. "ಮಾವ, ಇದು ಡ್ರೈವರ್ ಸಮಸ್ಯೆ" ಎಂದು, ಅಂದರೆ ಫೋನಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ತಂತ್ರಾಂಶ ಸರಿಯಿಲ್ಲ ಎಂದು, ಇಂಟರ್‌ನೆಟ್ಟಿನಿಂದ ಯಾವುದೋ ತಂತ್ರಾಂಶ ಇಳಿಸಿದ. ಅದರ ಜೊತೆಗೆ ಕೇಳದೇ ಬಂದ ಮೂರ್ನಾಲ್ಕು ಜಾಹೀರಾತಿನ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಬಿಡಾರ ಹೂಡಿದವು. ಅವನ್ನು ಓಡಿಸಲು ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದ. ಆಗ ಲೆಕ್ಕದ ಕಡತಗಳೂ ಹೋದವು. ಆಡಿಟರ್ ಬಳಿ ಒಂದು ಪ್ರತಿ ಇದ್ದದ್ದರಿಂದ ಉಳಿದುಕೊಂಡರು. ಇಷ್ಟಾದರೂ ಫೋನು ಕಾಣಲಿಲ್ಲ. ಕೊನೆಗೆ ಯಾವುದೋ ಅಂಗಡಿಯಲ್ಲಿ ಫೋನಿನ ಬೋರ್ಡೇ ಹೋಗಿದೆ, ನಾಲ್ಕು ಸಾವಿರ ಆಗುತ್ತದೆ ಎಂದರಂತೆ.

ಆಗ ಅವರು ನನ್ನ ಬಳಿ ಬಂದರು. ಆಟೋದಲ್ಲಿ ಕಂಪ್ಯೂಟರಿನ ಡಬ್ಬಿಯನ್ನು ಮಂಡಕ್ಕಿ ಚೀಲದಲ್ಲಿ ಸುತ್ತಿಕೊಂಡು ತಂದಿದ್ದರು. ಫೋನು ತಂದಿದ್ದರು. ಬಿಲ್ಲು, ವಾರಂಟಿ ಕಾರ್ಡು, ಫೋನಿನ ಖಾಲಿ ಪೆಟ್ಟಿಗೆ, ಅದನ್ನೂ ತಂದಿದ್ದರು. "ಕೇಬಲ್ ಎಲ್ಲಿ ಯಜಮಾನರೇ?" ಎಂದೆ. "ಅದು ಚೆನ್ನಾಗಿಯೇ ಇದೆಯಲ್ಲ ಸ್ವಾಮಿ, ಅದನ್ನೇಕೆ ತರಲಿ?" ಎಂದರು. ನೋಡಿ, ಮನೆಯಲ್ಲಿದ್ದದ್ದೆಲ್ಲ ಆಟೋ ಹತ್ತಿದೆ, ಕಳ್ಳ ಮಾತ್ರ ಮನೆಯಲ್ಲೇ ಕುಳಿತಿದ್ದಾನೆ! ನನ್ನ ಮೇಜಿನ ಮೇಲಿದ್ದ ಕೇಬಲ್ ಹಾಕಿದೆ. ಕಂಪ್ಯೂಟರ್ "ಟಿಂಗ್" ಎಂದಿತು. ಭತ್ತದ ಚೀಟಿಗಳೆಲ್ಲ ಪರದೆಯ ಮೇಲೆ ಸಾಲಾಗಿ ನಿಂತವು. ಯಜಮಾನರ ಮುಖ ಅರಳಿತು. ಏನು ರಿಪೇರಿ ಮಾಡಿದಿರಿ ಎಂದು ಕೇಳಿದರು. ಏನೂ ಮಾಡಲಿಲ್ಲ, ಕೇಬಲ್ ಬದಲಿಸಿದೆ ಎಂದೆ. ನಂಬಲಿಲ್ಲ. ನನ್ನ ಕೈಗುಣ ಎಂದುಕೊಂಡು ಹೋದರು.

ಮಾರನೆಯ ದಿನ ಫೋನು: "ಸ್ವಾಮಿ, ಮತ್ತೆ ಕಾಣುತ್ತಿಲ್ಲ." ಈ ಸಲ ಕೇಬಲ್ ಒಂದನ್ನೇ ಹಿಡಿದುಕೊಂಡು ಬನ್ನಿ ಎಂದೆ. ತಂದರು. ಪವರ್ ಬ್ಯಾಂಕಿನ ಜೊತೆ ಬಂದಿದ್ದ, ಗೇಣುದ್ದದ, ತೆಳ್ಳನೆಯ ಕೇಬಲ್. ಅವರ ಒಪ್ಪಿಗೆ ಪಡೆದು ಬ್ಲೇಡಿನಿಂದ ರಬ್ಬರನ್ನು ಉದ್ದಕ್ಕೆ ಸೀಳಿದೆ. ಒಳಗೆ ಕೂದಲೆಳೆಯಂಥ ಒಂದು ಕೆಂಪು ತಂತಿ, ಒಂದು ಕಪ್ಪು ತಂತಿ. ಉಳಿದ ಜಾಗ ತುಂಬಲು ಬಿಳಿಯ ನೈಲಾನ್ ದಾರ. ಹಸಿರು ಇಲ್ಲ, ಬಿಳಿ ತಂತಿ ಇಲ್ಲ. ಪಕ್ಕದಲ್ಲಿ ನನ್ನದೊಂದು ಹಳೆಯ ಡೇಟಾ ಕೇಬಲ್ಲನ್ನೂ ಸೀಳಿ ಇಟ್ಟೆ. ನಾಲ್ಕು ಬಣ್ಣ, ಸುತ್ತಲೂ ಬೆಳ್ಳಿಯ ಹಾಗೆ ಹೊಳೆಯುವ ಹಾಳೆ. ಯಜಮಾನರು ಕನ್ನಡಕ ಏರಿಸಿ ಎರಡನ್ನೂ ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು. ಆಮೇಲೆ ಕೇಳಿದರು: "ಇದಕ್ಕೆ ನಾಲ್ಕು ಸಾವಿರ ಕೇಳಿದರಾ?"

ಇಷ್ಟಕ್ಕೇ ಮುಗಿಯಲಿಲ್ಲ. ಹೊಸ ಕೇಬಲ್ ಕೊಳ್ಳಲು ಪಕ್ಕದ ಅಂಗಡಿಗೆ ಹೋದರು. ಅಲ್ಲಿನ ಹುಡುಗ ಮತ್ತೊಂದು ಚಾರ್ಜಿಂಗ್ ಕೇಬಲ್ಲನ್ನೇ ಕೊಟ್ಟು ಕಳಿಸಿದ. ಆದ್ದರಿಂದ ಕೊಳ್ಳುವಾಗ "ಚಾರ್ಜಿಂಗ್ ವೈರು ಕೊಡಿ" ಎನ್ನಬೇಡಿ, "ಡೇಟಾ ಕೇಬಲ್ ಕೊಡಿ" ಎನ್ನಿ. ಪೊಟ್ಟಣದ ಮೇಲೆ ಡೇಟಾ ಎಂದೋ ಸಿಂಕ್ ಎಂದೋ ಬರೆದಿದೆಯೇ ನೋಡಿ. ಅಂಗಡಿಯವರ ಕಂಪ್ಯೂಟರಿಗೆ ನಿಮ್ಮ ಫೋನನ್ನು ಅದೇ ಕೇಬಲ್ಲಿನಿಂದ ಜೋಡಿಸಿ ತೋರಿಸಲು ಹೇಳಿ. ತೋರಿಸಲು ಬೇಸರಪಟ್ಟರೆ ಮುಂದಿನ ಅಂಗಡಿಗೆ ನಡೆಯಿರಿ. ಸಂಕೋಚ ಬೇಡ.

ಈ ಕಥೆಗೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಕೇಬಲ್ ಬದಲಿಸಿದಿರಿ, ಆದರೂ ಕಾಣಲಿಲ್ಲ. ಆಗ ಫೋನಿನ ಪರದೆ ನೋಡಿ, ಕಂಪ್ಯೂಟರನ್ನು ಬಿಡಿ. 2015ರಲ್ಲಿ ಬಂದ ಆಂಡ್ರಾಯ್ಡ್ ಆರನೆಯ ಆವೃತ್ತಿಯಿಂದ ಈಚೆಗೆ, ಫೋನನ್ನು ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ಅದು ಮೊದಲು ಚಾರ್ಜಿಂಗ್ ಮಾತ್ರ ಒಪ್ಪಿಕೊಳ್ಳುತ್ತದೆ. ಇದು ನಿಮ್ಮ ರಕ್ಷಣೆಗಾಗಿ ಮಾಡಿದ ಏರ್ಪಾಡು. ಬಸ್ ನಿಲ್ದಾಣದಲ್ಲೋ ರೈಲಿನಲ್ಲೋ ಚಾರ್ಜಿಗೆ ಹಾಕಿದ ಕೂಡಲೇ ನಿಮ್ಮ ಫೋಟೋಗಳು ಕಂಡವರ ಪಾಲಾಗಬಾರದಲ್ಲ. ಹಾಗಾಗಿ ಕೇಬಲ್ ಜೋಡಿಸಿದ ಮೇಲೆ ಫೋನಿನ ಬೀಗ ತೆಗೆಯಿರಿ, ಪರದೆಯ ಮೇಲ್ತುದಿಯಿಂದ ಬೆರಳನ್ನು ಕೆಳಗೆ ಎಳೆಯಿರಿ, ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ ಎಂಬ ಸೂಚನೆಯನ್ನು ಒತ್ತಿ, "ಫೈಲ್ ಟ್ರಾನ್ಸ್‌ಫರ್" ಆರಿಸಿ. ಬೀಗ ತೆಗೆಯದೆ ಜೋಡಿಸಿದರೆ ಫೋನಿನ ಹೆಸರು ಕಂಡೀತು, ಒಳಗಿನ ಫೋಲ್ಡರ್ ಮಾತ್ರ ಖಾಲಿ. ಅಯ್ಯೋ, ಫೋಟೋಗಳೆಲ್ಲ ಹೋದವು ಎಂದು ಅಳುತ್ತ ಬಂದವರನ್ನು ನೋಡಿದ್ದೇನೆ. ಎಲ್ಲಿಗೂ ಹೋಗಿರುವುದಿಲ್ಲ.

ಇನ್ನೊಂದು. ಪೆನ್‌ಡ್ರೈವ್ ಹಾಕಿದಾಗ ಬರುವ ಹಾಗೆ ಫೋನಿಗೆ ಇ ಅಥವಾ ಎಫ್ ಎಂಬ ಅಕ್ಷರ ಬರುವುದಿಲ್ಲ. "ದಿಸ್ ಪಿಸಿ"ಯಲ್ಲಿ ಫೋನಿನ ಮಾದರಿಯ ಹೆಸರಿನಲ್ಲೇ ಹುಡುಕಿ. ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ಡಿಸಿಐಎಂ ಎಂಬ ಫೋಲ್ಡರಿನಲ್ಲಿರುತ್ತವೆ. ವಾಟ್ಸ್‌ಆ್ಯಪ್ ಚಿತ್ರಗಳು ಈಗಿನ ಫೋನುಗಳಲ್ಲಿ ಆಂಡ್ರಾಯ್ಡ್ ಎಂಬ ಫೋಲ್ಡರು, ಅದರೊಳಗೆ ಮೀಡಿಯಾ, ಅದರೊಳಗೆ ಕಾಮ್ ಡಾಟ್ ವಾಟ್ಸ್‌ಆ್ಯಪ್, ಹೀಗೆ ಇಳಿಯುತ್ತಾ ಹೋದರೆ ಸಿಗುತ್ತವೆ. ಸಿಕ್ಕ ಮೇಲೆ ಕಾಪಿ ಮಾಡಿ. ಕಟ್ ಮಾಡಬೇಡಿ. ಮಧ್ಯದಲ್ಲಿ ಕೇಬಲ್ ಅಲ್ಲಾಡಿದರೆ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಎಂದಾದೀತು. ಕಂಪ್ಯೂಟರಿನಲ್ಲಿ ತೆರೆದು ನೋಡಿ, ಖಾತ್ರಿಯಾದ ಮೇಲೆ ಫೋನಿನಿಂದ ಅಳಿಸಿ.

ಫೋನಿನ ಚಾರ್ಜಿಂಗ್ ತೂತಿನ ವಿಷಯ. ಜೇಬಿನ ನೂಲು, ಭಟ್ಟಿಯ ಬೂದಿ, ಹತ್ತಿಯ ಎಳೆ, ಹೊಲದ ಧೂಳು, ಎಲ್ಲವೂ ಅದರೊಳಗೆ ಸೇರಿ ಪಿನ್ನಿನ ಒತ್ತಡಕ್ಕೆ ಗಟ್ಟಿಯಾಗಿ ಕೂರುತ್ತವೆ. ಕೇಬಲ್ ಪೂರ್ತಿ ಒಳಗೆ ಹೋಗದೆ ಕೂದಲಷ್ಟು ಹೊರಗೆ ಉಳಿದರೆ, ಮುಟ್ಟಿದರೆ ಅಲ್ಲಾಡಿದರೆ ಇದೇ ಕಾರಣ. ಫೋನನ್ನು ಪೂರ್ತಿ ಆಫ್ ಮಾಡಿ, ಹಲ್ಲುಕಡ್ಡಿಯಿಂದ, ಅಂದರೆ ಮರದ ಕಡ್ಡಿಯಿಂದ, ಮೆಲ್ಲಗೆ ಕೆದಕಿ ತೆಗೆಯಿರಿ. ಟೈಪ್ ಸಿ ತೂತಿನ ನಡುವೆ ಒಂದು ತೆಳುವಾದ ನಾಲಿಗೆ ಇರುತ್ತದೆ, ಅದಕ್ಕೆ ತಾಗಿಸಬೇಡಿ. ಸೀರೆಯ ಪಿನ್ನು, ಸೂಜಿ, ಇಂಥವನ್ನು ಹಾಕಲೇಬೇಡಿ. ಬಾಯಿಂದ ಊದಲೂಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ.

ಕಂಪ್ಯೂಟರಿನ ಕಡೆ: ಡಬ್ಬಿಯ ಮುಂಭಾಗದ ತೂತು ಬಿಟ್ಟು ಹಿಂಭಾಗದ್ದಕ್ಕೆ ಹಾಕಿ. ಹಿಂದಿನವು ನೇರವಾಗಿ ಮದರ್‌ಬೋರ್ಡಿನ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿನ, ಮೇಲೆಯೇ ಇರುತ್ತವೆ, ಮುಂದಿನವಕ್ಕೆ ಒಳಗೆ ಇನ್ನೊಂದು ವೈರು ಎಳೆದಿರುತ್ತಾರೆ. ನಡುವೆ ಒಂದು ತೂತನ್ನು ನಾಲ್ಕಾರು ಮಾಡುವ ಯುಎಸ್‌ಬಿ ಹಬ್ ಇದ್ದರೆ ಅದನ್ನು ತೆಗೆದುಬಿಡಿ. ಫೋನು, ಕಂಪ್ಯೂಟರ್ ಎರಡನ್ನೂ ಒಮ್ಮೆ ರೀಸ್ಟಾರ್ಟ್ ಮಾಡಿ. ಇದನ್ನೆಲ್ಲ ಮಾಡಿದ ಮೇಲೂ ಕಾಣದಿದ್ದರೆ ಆಗ, ಆಗ ಮಾತ್ರ, ಡ್ರೈವರಿನ ಮಾತು. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್, ಅಂದರೆ ಜೋಡಿಸಿದ ಸಾಧನಗಳ ಪಟ್ಟಿ, ತೆರೆಯಿರಿ, ಹಳದಿ ಗುರುತಿರುವ ನಿಮ್ಮ ಫೋನಿನ ಹೆಸರಿನ ಮೇಲೆ ಅನ್‌ಇನ್‌ಸ್ಟಾಲ್ ಕೊಡಿ, ಕೇಬಲ್ ಕಿತ್ತು ಮತ್ತೆ ಹಾಕಿ, ವಿಂಡೋಸ್ ತಾನೇ ಡ್ರೈವರನ್ನು ಹುಡುಕಿಕೊಳ್ಳುತ್ತದೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಬಿಟ್ಟಿ ಡ್ರೈವರ್ ತಂತ್ರಾಂಶಗಳ ಸಹವಾಸ ಬೇಡ, ಭಟ್ಟಿಯ ಯಜಮಾನರ ಪಾಡು ಕೇಳಿದಿರಲ್ಲ. ಫೋನಿನಲ್ಲಿ ತಂತ್ರಾಂಶ ಬರೆಯುವವರಿಗೆಂದು ಇರುವ ಡೆವಲಪರ್ ಆಪ್ಷನ್ಸ್ ತೆರೆದು ಯುಎಸ್‌ಬಿ ಡೀಬಗಿಂಗ್ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಫೋಟೋ ಸಾಗಿಸುವುದಕ್ಕೆ ಅದರ ಅಗತ್ಯವೇ ಇಲ್ಲ.

ಐಫೋನ್ ಇರುವವರಿಗೆ ಎರಡೇ ಮಾತು. ಜೋಡಿಸಿದಾಗ ಈ ಕಂಪ್ಯೂಟರನ್ನು ನಂಬಬಹುದೇ ಎಂದು ಫೋನು ಕೇಳುತ್ತದೆ, "ಟ್ರಸ್ಟ್" ಒತ್ತಿ ಪಾಸ್‌ಕೋಡ್ ಹಾಕಿ. ಚಿತ್ರಗಳನ್ನು ವಿಂಡೋಸಿಗೆ ಸಾಗಿಸುವಾಗ ಅರ್ಧಕ್ಕೇ ನಿಂತು ದೋಷದ ಸಂದೇಶ ಬಂದರೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಹೊಸ ಆವೃತ್ತಿಗಳಾದರೆ ಅದರೊಳಗಿನ ಆ್ಯಪ್ಸ್‌ನಲ್ಲಿ, ಫೋಟೋಸ್ ಭಾಗಕ್ಕೆ ಹೋಗಿ, ಕೊನೆಯಲ್ಲಿರುವ "ಕೀಪ್ ಒರಿಜಿನಲ್ಸ್" ಎಂಬುದನ್ನು ಆರಿಸಿ ಮತ್ತೆ ಪ್ರಯತ್ನಿಸಿ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ನಿಮ್ಮ ಊರಿನ ರಿಪೇರಿ ಅಂಗಡಿಗೆ ಹೋಗಿ. ಹೋಗುವಾಗ ಫೋನಿನ ಖಾಲಿ ಪೆಟ್ಟಿಗೆ ಮನೆಯಲ್ಲಿರಲಿ, ಕೇಬಲ್ ಜೇಬಿನಲ್ಲಿರಲಿ. ನಮಸ್ಕಾರ.